ಟ್ವೆಂಟಿಟೂ ಸಾಲದೆ ಹೋದ ಬೇಸಿಗೆ

ಗುಣಪಾಲ ಹೆಗ್ಡೆ ಮೊದಲ ಸಲ ಪಿಸ್ತೂಲು ಹಿಡಿದದ್ದು ನಲವತ್ತರ ಹತ್ತಿರ ಬಂದಾಗ, ಅದೂ ಬರೀ ದಾಕ್ಷಿಣ್ಯಕ್ಕೆ. ಕಾರ್ಕಳದ ಕಡೆಯ ಜೈನರ ಮನೆಯಲ್ಲಿ ಹುಟ್ಟಿ ಬೆಳೆದವನು. ದೀಪಕ್ಕೆ ಬಂದ ಹುಳ ಅನ್ನದಲ್ಲಿ ಬಿದ್ದೀತೆಂದು ಕತ್ತಲಾಗುವ ಮೊದಲೇ ಊಟ ಮುಗಿಸುವ ಮನೆ ಅದು. ಅಮೆರಿಕಕ್ಕೆ ಬಂದ ಮೇಲೂ ಅವನ ಕೈ ಒಂದು ಸೊಳ್ಳೆಯ ಮೇಲೆ ಬಿದ್ದದ್ದಿಲ್ಲ. ಕಿವಿಯ ಹತ್ತಿರ ಗುಂಯ್ ಎಂದರೆ ಎದ್ದು ಹೋಗಿ ಕಿಟಕಿ ತೆರೆದು, ಅದು ತಾನಾಗಿ ಹೊರಗೆ ಹೋಗಲೆಂದು ಕಾಯುತ್ತಿದ್ದ. ಹೆಂಡತಿ ಸೌದಾಮಿನಿ ಇದಕ್ಕೆ ನಗುತ್ತಿದ್ದಳು, ಆದರೆ ಅವಳೂ ಹೊಡೆಯುತ್ತಿರಲಿಲ್ಲ.

ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ ಅವನಿಗೆ ಕೆಲಸ. ಹಳದಿ ಬೆಳಕಿನ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು, ಚಿಪ್ಪಿನ ನಕ್ಷೆ ಕೊರೆದಿರುವ ಗಾಜಿನ ಹಲಗೆಗಳಲ್ಲಿ ಧೂಳಿನ ಕಣ, ಕಡಿದುಹೋದ ಗೆರೆ ಹುಡುಕುವುದು. ಒಂದು ಕಣ ಕಣ್ತಪ್ಪಿದರೆ ರಾಶಿ ರಾಶಿ ಚಿಪ್ಪುಗಳು ಕಸದ ಬುಟ್ಟಿಗೆ. ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದವನು ಆರ್ನಿ ಪಚೆಕೊ. ಅವನ ಅಜ್ಜ ಪೋರ್ಚುಗಲ್ಲಿನಿಂದ ಬಂದು ಇದೇ ಸಾಂಟಾ ಕ್ಲಾರಾ ಕಣಿವೆಯಲ್ಲಿ ಏಪ್ರಿಕಾಟ್ ತೋಟ ಮಾಡಿದ್ದನಂತೆ. ಇಷ್ಟು ಅಲುಗದ ಕೈ, ಇಂಥ ಕಣ್ಣು ಇಲ್ಲಿ ವ್ಯರ್ಥವಾಗುತ್ತಿದೆ ಎಂದು ಆರ್ನಿ ಆಗಾಗ ಹೇಳುತ್ತಿದ್ದ. ಒಂದು ಶನಿವಾರ ಬೆಳಿಗ್ಗೆ ಒತ್ತಾಯ ಮಾಡಿ, ಲಾಸ್ ಗ್ಯಾಟೋಸಿನ ಮೇಲಿನ ಗುಡ್ಡದಲ್ಲಿದ್ದ ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದ.

ಒಮ್ಮೆ ಹೋಗಿ ಬಂದರೆ ಸಾಕು ಎಂದುಕೊಂಡು ಹೋದವನು ಗುಣಪಾಲ. ಆರ್ನಿ ಅವನ ಕೈಗೆ ಕೊಟ್ಟದ್ದು ಒಂದು ಟ್ವೆಂಟಿಟೂ. ನಳಿಗೆಯ ಬಾಯಿಯ ಅಗಲ ಇಂಚಿನ ನೂರರಲ್ಲಿ ಇಪ್ಪತ್ತೆರಡು ಪಾಲು, ಅದಕ್ಕೇ ಆ ಹೆಸರು. ಪಿಸ್ತೂಲುಗಳಲ್ಲಿ ಎಲ್ಲಕ್ಕಿಂತ ಸಣ್ಣದು. ಸದ್ದು ಒಣ ಕಡ್ಡಿ ಮುರಿದ ಹಾಗೆ, ಕೈಗೆ ಒದೆತವೇ ಇಲ್ಲ. ಒಂದು ಕೈ ಚಾಚಿ, ಉಸಿರು ಅರ್ಧ ಬಿಟ್ಟು ಹಿಡಿದು, ದೂರದ ಕಾಗದದ ಮೇಲಿನ ಕಪ್ಪು ವೃತ್ತವನ್ನು ನೋಡುತ್ತ ಬೆರಳನ್ನು ಹಗುರವಾಗಿ ಹಿಂದಕ್ಕೆ ಒತ್ತುತ್ತ ಹೋಗಬೇಕು. ಗುಂಡು ಯಾವಾಗ ಹೊರಟಿತೆಂದು ತನಗೇ ತಿಳಿಯಬಾರದು. ಮೊದಲ ಹತ್ತು ಗುಂಡುಗಳಲ್ಲಿ ನಾಲ್ಕು ಕಪ್ಪಿನೊಳಗೆ ಬಿದ್ದವು. ಆ ಕಾಗದವನ್ನು ಹತ್ತಿರ ತರಿಸಿ ನೋಡಿದಾಗ, ಊರು ಬಿಟ್ಟ ಮೇಲೆ ಎಂದೂ ಆಗದಷ್ಟು ಸಂತೋಷ ಅವನಿಗಾಯಿತು. ಯಾರಿಗೂ ನೋವಿಲ್ಲ, ಯಾವುದೂ ಸಾಯುವುದಿಲ್ಲ, ಕಾಗದಕ್ಕೊಂದು ತೂತು ಮಾತ್ರ. ಇದಕ್ಕಿಂತ ನಿರಪಾಯದ ಆಟ ಬೇರೆ ಇಲ್ಲ ಎಂದು ಅವನಿಗನಿಸಿತು.

ಸೌದಾಮಿನಿಗೆ ಹಾಗನಿಸಲಿಲ್ಲ. ಅವನು ಸ್ವಂತಕ್ಕೊಂದು ಕೊಂಡು ತಂದ ದಿನ ಅವಳು ಅದನ್ನು ಹೊಸಿಲ ಹೊರಗೇ ಇಡಿಸಿದಳು. ಆಮೇಲೆ ಒಂದು ಷರತ್ತು ಹಾಕಿದಳು: ಅದು ಮನೆಯೊಳಗೆ ಬರಕೂಡದು. ಕಾರು ನಿಲ್ಲಿಸುವ ಜಾಗದ ಹಿಂದೆ ಸಾಮಾನಿಡುವ ಸಣ್ಣ ಗೂಡಿತ್ತು. ಅಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಅದು ಇರಲಿ, ಮುಟ್ಟಿದ ಮೇಲೆ ಕೈತೊಳೆದು ಒಳಗೆ ಬರಲಿ. ಅದರ ಹೆಸರನ್ನೂ ಅವಳು ಹೇಳುತ್ತಿರಲಿಲ್ಲ, 'ಆ ಸಾಮಾನು' ಎನ್ನುತ್ತಿದ್ದಳು. ಗುಣಪಾಲ ಎಲ್ಲಕ್ಕೂ ಒಪ್ಪಿದ. ಶನಿವಾರ ಬೆಳಿಗ್ಗೆಯ ಎರಡು ಗಂಟೆ ತನ್ನದಾದರೆ ಅವನಿಗೆ ಸಾಕಿತ್ತು. ಹೀಗೆ ಮೂರು ವರ್ಷ ಕಳೆಯುವುದರೊಳಗೆ ಕ್ಲಬ್ಬಿನ ಟ್ವೆಂಟಿಟೂ ತಂಡದಲ್ಲಿ ಅವನಿಗೊಂದು ಜಾಗವೂ ಸಿಕ್ಕಿತು.

ಆಮೇಲೆ ಎಂಬತ್ತೈದರ ಬೇಸಿಗೆ ಬಂತು. ಲಾಸ್ ಏಂಜಲೀಸಿನ ಕಡೆ ರಾತ್ರಿ ಹೊತ್ತು ಮನೆ ಹೊಕ್ಕು ಮಲಗಿದವರನ್ನು ಕೊಲ್ಲುತ್ತಿದ್ದವನೊಬ್ಬ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೂ ಬಂದು ಹೋದನೆಂದು ಸುದ್ದಿಯಾಯಿತು. ತೆರೆದ ಕಿಟಕಿ, ಅಗುಳಿ ಹಾಕದ ಬಾಗಿಲು ಹುಡುಕಿ ಒಳಗೆ ಬರುತ್ತಾನಂತೆ. ಆ ಸೆಕೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸಾಂಟಾ ಕ್ಲಾರಾದವರೆಗಿನ ಇಡೀ ಬೇ ಏರಿಯಾ ಕಿಟಕಿ ಮುಚ್ಚಿಕೊಂಡು ಮಲಗಿತು. ಗುಣಪಾಲನ ಅಪಾರ್ಟ್‌ಮೆಂಟು ನೆಲಮಹಡಿಯದು, ಹಿಂದೆ ಸರಿಸುವ ಗಾಜಿನ ಬಾಗಿಲು. ಒಂಬತ್ತು ವರ್ಷದ ಮಗಳು ನಿರುಪಮಾ ತನ್ನ ಕೋಣೆ ಬಿಟ್ಟು ಅಪ್ಪ ಅಮ್ಮನ ನಡುವೆ ಬಂದು ಮಲಗತೊಡಗಿದಳು. ಹೆದರಬೇಡ ಮಗಾ, ನಮ್ಮ ಕಡೆಗೆಲ್ಲ ಅವನು ಬರುವುದಿಲ್ಲ ಎಂದು ಸೌದಾಮಿನಿ ಹೇಳಿದರೆ, "ಹೌ ಡು ಯು ನೋ, ಅಮ್ಮಾ?" ಎಂದು ಕೇಳುತ್ತಿದ್ದಳು. ಸೌದಾಮಿನಿ ಎದ್ದು ಹೋಗಿ ಕಿಟಕಿಯ ಅಗುಳಿಯನ್ನು ಮತ್ತೊಮ್ಮೆ ಎಳೆದು ನೋಡುತ್ತಿದ್ದಳು.

ಆ ವಾರದ ಭಾನುವಾರ ಜಯರಾಮನ ಮನೆಯಲ್ಲಿ ಕನ್ನಡದವರ ಊಟ. ಜಯರಾಮ ಹಾಸನದ ಕಡೆಯವನು, ಮೆನ್ಲೋ ಪಾರ್ಕಿನಲ್ಲಿ ಎಂಜಿನಿಯರು. ಪ್ರತಿ ಸಲ ಗಂಡಸರು ಕ್ರಿಕೆಟ್ಟು, ಗ್ರೀನ್ ಕಾರ್ಡು ಮಾತಾಡುತ್ತಿದ್ದರು. ಈ ಸಲ ಎಲ್ಲರ ಬಾಯಲ್ಲೂ ಕ್ಯಾಲಿಬರು, ಅಂದರೆ ನಳಿಗೆಯ ಅಗಲದ ಲೆಕ್ಕ. ಜೀವಮಾನದಲ್ಲಿ ಒಂದು ಪಟಾಕಿ ಪಿಸ್ತೂಲನ್ನೂ ಸರಿಯಾಗಿ ಹಿಡಿಯದವರು ನೈನ್ ಎಂಎಂ ವಾಸಿಯೋ, ಫಾರ್ಟಿಫೈವ್ ವಾಸಿಯೋ ಎಂದು ವಾದಕ್ಕೆ ನಿಂತಿದ್ದರು. ಹಿರಿಯರಾದ ವಿರುಪಾಕ್ಷಪ್ಪನವರು, ತಮ್ಮ ಪಕ್ಕದ ಮನೆಯವನು ಯುದ್ಧಕ್ಕೆ ಹೋಗಿ ಬಂದವನು, ಫಾರ್ಟಿಫೈವ್ ಒಂದು ಸಲ ಎಲ್ಲಿ ತಾಗಿದರೂ ಮನುಷ್ಯ ಏಳುವುದಿಲ್ಲವೆಂದು ಅವನೇ ಹೇಳಿದ್ದಾನೆ ಎಂದರು. ಜಯರಾಮ ಒಪ್ಪಲಿಲ್ಲ.

"ಫಾರ್ಟಿಫೈವ್ ನಮ್ಮ ಕೈಗೆ ಜಾಸ್ತಿ ಆಗುತ್ತೆ ಸಾರ್. ಮನೆಗೆ ಅಂದ್ರೆ ತರ್ಟಿಎಯ್ಟ್ ಮಿನಿಮಮ್ಮು," ಎಂದು ಹೇಳಿ ಅವನು ಗುಣಪಾಲನ ಕಡೆ ತಿರುಗಿದ. "ಹೆಗ್ಡೇರೆ, ನಿಮ್ಹತ್ರ ಇರೋದು ಯಾವ್ದು?"

ಗುಣಪಾಲ ಹೇಳಿದ. ಮೂಲೆಯಿಂದ ಯಾರೋ, ಟ್ವೆಂಟಿಟೂ ತಾಗಿದರೆ ಕಳ್ಳನಿಗೆ ಸಿಟ್ಟು ಬರುತ್ತದೆ, ಅಷ್ಟೇ ಎಂದರು. ಎಲ್ಲರೂ ನಕ್ಕರು. ತಾನು ಅದನ್ನು ಇಟ್ಟುಕೊಂಡದ್ದು ಕಳ್ಳನಿಗೆಂದಲ್ಲ, ಗುರಿಗೆ ಎಂದು ಅವನು ವಿವರಿಸಲು ಹೋದ. ಗುರಿಗೆ ಹಗುರವಾದದ್ದೇ ಬೇಕು, ದೊಡ್ಡದಾದಷ್ಟೂ ಕೈ ಕೆಡುತ್ತದೆ ಎಂದ. ಆದರೆ ಅಷ್ಟರಲ್ಲಿ ಮಾತು ಬಾಗಿಲ ಬೀಗಗಳ ಕಡೆ ಹೊರಟುಹೋಗಿತ್ತು. ಅಲ್ಲಿ ಇದ್ದವರಲ್ಲಿ ಪಿಸ್ತೂಲು ಹಿಡಿಯಲು ಬರುತ್ತಿದ್ದವನು ಅವನೊಬ್ಬ. ಅವನ ಮಾತು ಮಾತ್ರ ಯಾರಿಗೂ ಬೇಡವಾಯಿತು. ತಟ್ಟೆಯಲ್ಲಿದ್ದ ಹೋಳಿಗೆಯನ್ನು ಮುರಿದು ಮುರಿದು ಪುಡಿ ಮಾಡುತ್ತ ಅವನು ಒಳಗೊಳಗೇ ಉರಿದುಕೊಂಡ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಸೌದಾಮಿನಿ ಎಲ್ಲ ಕೇಳಿಸಿಕೊಂಡಿದ್ದಳು. ಮನೆಗೆ ಮರಳುವಾಗ ಕಾರು ಎಲ್ ಕಮೀನೋ ರಸ್ತೆಗೆ ತಿರುಗುತ್ತಲೇ ಕೇಳಿದಳು:

"ಅಲ್ಲ, ನಮ್ಮ ಆ ಸಾಮಾನು ನಮ್ಮನ್ನು ಕಾಯ್ತದಾ?"

ಮೂರು ವರ್ಷದಲ್ಲಿ ಮೊದಲ ಸಲ ಅವಳು 'ನಮ್ಮ' ಎಂದಿದ್ದಳು. ಗುಣಪಾಲನಿಗೆ ಅದಕ್ಕೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಆಗ ಅವನು ಮಾಡಿದ ತಪ್ಪೆಂದರೆ ಕೇಳಿದ್ದಕ್ಕೆ ಉತ್ತರ ಹೇಳದೆ ಕ್ಯಾಲಿಬರಿನ ಪಾಠ ಶುರು ಮಾಡಿದ್ದು. ಜಯರಾಮನ ಮನೆಯಲ್ಲಿ ಯಾರೂ ಕೇಳದ್ದನ್ನೆಲ್ಲ ಹೆಂಡತಿಗೆ ಹೇಳಿದ. ಗುಂಡಿನ ಅಗಲ ಒಂದೇ ಲೆಕ್ಕವಲ್ಲ, ಎಲ್ಲಿ ಬೀಳುತ್ತದೆ ಎನ್ನುವುದೂ ಉಂಟು. ಟ್ವೆಂಟಿಟೂವಿನಲ್ಲಿ ತಾನು ಕಣ್ಣಿಟ್ಟಲ್ಲಿ ಗುಂಡು ಬೀಳುತ್ತದೆ, ಫಾರ್ಟಿಫೈವ್ ತಂದರೆ ಗೋಡೆಗೆ ಬೀಳುತ್ತದೆ, ನಡುವಿನದು ತರ್ಟಿಎಯ್ಟ್. ಸೌದಾಮಿನಿ ಗಮನವಿಟ್ಟು ಕೇಳಿದಳು. ಹಾಗಾದರೆ ಕಾಯುವಂಥದ್ದು ಆ ನಡುವಿನದೇ ಎಂದಾಯಿತಲ್ಲ ಎಂದಳು. ಅವನು ರೇಡಿಯೋ ಹಾಕಿ ಸದ್ದು ಜೋರು ಮಾಡಿದ.

ಆರ್ನಿಯಾದರೂ ತನ್ನ ಪರ ನಿಲ್ಲುತ್ತಾನೆಂದು ಅವನು ನಂಬಿದ್ದ. ಸೋಮವಾರ ಕೇಳಿದರೆ ಆರ್ನಿಯೂ ಅದನ್ನೇ ಹೇಳಿದ: ಗುರಿಗೆ ಟ್ವೆಂಟಿಟೂ ಸರಿ, ಮನೆಗೆ ಅದು ಸಾಲದು, ಹೆಂಡತಿ ಮಕ್ಕಳಿರುವವನು ಒಂದು ತರ್ಟಿಎಯ್ಟ್ ಇಟ್ಟುಕೊಳ್ಳುವುದು ಒಳ್ಳೆಯದು. ಕಳ್ಳನಿಗೆ ಸಿಟ್ಟು ಬರುವ ಅದೇ ಜೋಕನ್ನು ಅವನೂ ಹೇಳಿ ನಕ್ಕ. ಗುಣಪಾಲನಿಗೆ ಆ ಜೋಕು ಮಾಡಿದವನ ಮೇಲೆ ಅಲ್ಲ, ತನ್ನ ಮೇಲೇ ಸಿಟ್ಟು ಬಂತು. ಬೇಡ ಎನ್ನಲು ತನಗೇಕೆ ಬಾಯಿ ಬರುತ್ತಿಲ್ಲ?

ಮರುದಿನ ಹೋದರೆ ಪಿಸ್ತೂಲಿನ ಅಂಗಡಿಯಲ್ಲಿ ಬಾಗಿಲಿನ ಹೊರಗೂ ಸಾಲು ನಿಂತಿತ್ತು. ಅಜ್ಜಿಯರು, ಕಾಲೇಜಿನ ಹುಡುಗಿಯರು, ಟೈ ಕಟ್ಟಿಕೊಂಡವರು. ಅವನ ಸರದಿ ಬರುವಾಗ ಗಾಜಿನ ಕಪಾಟಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಉದ್ದ ನಳಿಗೆಯ, ಭಾರದ ತರ್ಟಿಎಯ್ಟ್ ರಿವಾಲ್ವರು ಸಿಕ್ಕರೆ ಅದಕ್ಕೆ ಹಗುರ ಗುಂಡು ಹಾಕಿ ಗುರಿಗೂ ಉಪಯೋಗಿಸಬಹುದು, ಮನೆಗೂ ಆಯಿತು ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡು ಬಂದಿದ್ದ. ಅಂಥವೆಲ್ಲ ಮಾರಿಹೋಗಿದ್ದವು. ಉಳಿದಿದ್ದದ್ದು ಎರಡಿಂಚು ನಳಿಗೆಯ, ಅಂಗೈಯಲ್ಲಿ ಅಡಗುವ, ಆಟಿಕೆಯಷ್ಟು ಹಗುರವಾದ ಒಂದು. ಇದರಲ್ಲಿ ಗುರಿ ಹೊಡೆಯಲು ಆಗುತ್ತದೆಯೇ ಎಂದು ಕೇಳಿದ. ಅಂಗಡಿಯವನು, ಇದೊಂದರಲ್ಲೇ ಎರಡೂ ಕೆಲಸ ಆಗುತ್ತದೆ ಎಂದು ಅವನ ಹಿಂದಿನವರ ಕಡೆ ನೋಡಿದ. ಅದು ಸುಳ್ಳೆಂದು ಗುಣಪಾಲನಿಗೆ ಗೊತ್ತಿತ್ತು. ಹಗುರ ಪಿಸ್ತೂಲು ಹೆಚ್ಚು ಒದೆಯುತ್ತದೆ, ಚೋಟು ನಳಿಗೆ ಗುರಿ ತಪ್ಪಿಸುತ್ತದೆ. ಗೊತ್ತಿದ್ದೂ ಹಣ ಕಟ್ಟಿದ. ಕೊಂಡದ್ದನ್ನು ಕೂಡಲೇ ಮನೆಗೆ ಒಯ್ಯುವ ಹಾಗಿರಲಿಲ್ಲ, ಹದಿನೈದು ದಿನ ಕಾಯಬೇಕೆಂದು ಆಗ ಅಲ್ಲಿಯ ಕಾನೂನು.

ಆ ಹದಿನೈದು ದಿನ ಮುಗಿಯುವ ಮೊದಲೇ ಕೊಲೆಗಾರ ಸಿಕ್ಕಿಬಿದ್ದ. ಲಾಸ್ ಏಂಜಲೀಸಿನ ಒಂದು ಬೀದಿಯ ಜನರೇ ಅವನ ಮುಖ ಗುರುತಿಸಿ, ಅಟ್ಟಿಸಿಕೊಂಡು ಹೋಗಿ, ಹೊಡೆದು ಕೂರಿಸಿದ್ದರು. ಅವರಲ್ಲೊಬ್ಬನ ಕೈಯಲ್ಲಿ ಕಬ್ಬಿಣದ ಸರಳಿತ್ತಂತೆ. ಅದರ ಅಗಲ ಎಷ್ಟೆಂದು ಪೇಪರಿನವರು ಬರೆದಿರಲಿಲ್ಲ. ಗುಣಪಾಲ ಆ ಸುದ್ದಿಯನ್ನು ಎರಡು ಸಲ ಓದಿ ಅಂಗಡಿಗೆ ಫೋನು ಮಾಡಿದ. ಸರಕು ವಾಪಸು ಇಲ್ಲ ಎಂದರು ಅವರು. ಸೌದಾಮಿನಿಗೆ ಹೇಳಿದ. ಹಣ ಕಟ್ಟಿ ಆಗಿದೆಯಲ್ಲ, ಬರಲಿ, ಇವನು ಹೋದರೆ ಇನ್ನೊಬ್ಬ ಬರುತ್ತಾನೆ ಎಂದಳು ಅವಳು. ಹೀಗೆ ಆ ತರ್ಟಿಎಯ್ಟ್ ಮನೆಗೆ ಬಂತು. ಅದೂ ಹೊರಗಿನ ಗೂಡಿಗಲ್ಲ, ಮಲಗುವ ಕೋಣೆಯ ಕಪಾಟಿನ ಮೇಲಕ್ಕೆ, ಬೀಗದ ಡಬ್ಬಿಯಲ್ಲಿ.

ಇಟ್ಟುಕೊಂಡ ಮೇಲೆ ಅಭ್ಯಾಸ ಬೇಕಲ್ಲ. ಶನಿವಾರ ಅದನ್ನು ಗುಡ್ಡಕ್ಕೆ ಒಯ್ದ. ಮೊದಲ ಗುಂಡಿಗೆ ಯಾರೋ ಅಂಗೈಗೆ ಕೋಲಿನಿಂದ ಬಾರಿಸಿದ ಹಾಗಾಯಿತು. ನಳಿಗೆಯ ಬಾಯಲ್ಲಿ ಬೆಂಕಿ ಕಂಡಿತು. ಕಿವಿ ಮುಚ್ಚಿಕೊಂಡಿದ್ದರೂ ಸದ್ದು ಎದೆಗೆ ಬಡಿಯಿತು. ಐದು ಗುಂಡುಗಳಲ್ಲಿ ಒಂದು ಮಾತ್ರ ಕಾಗದಕ್ಕೆ ತಾಗಿತ್ತು. ಹಿಡಿದ ಕೆಲಸ ಬಿಡುವವನಲ್ಲ ಗುಣಪಾಲ; ಹೆಬ್ಬೆರಳಿನ ಬುಡ ಕೆಂಪಾಗುವವರೆಗೆ ಹೊಡೆದ. ಮುಂದಿನ ಶನಿವಾರವೂ ಹೊಡೆದ. ಆಮೇಲೆ ಮನಸ್ಸು ತಿಳಿಯಾಗಲೆಂದು ತನ್ನ ಟ್ವೆಂಟಿಟೂವನ್ನು ಕೈಗೆತ್ತಿಕೊಂಡ. ಗುಂಡುಗಳೆಲ್ಲ ಕಪ್ಪಿನ ಕೆಳಗೆ ಎಡಕ್ಕೆ ಹೋಗಿ ಬಿದ್ದವು.

ಕಾಗದ ಬದಲಿಸಿದ, ನಿಲ್ಲುವ ಭಂಗಿ ಬದಲಿಸಿದ, ಕನ್ನಡಕ ಒರೆಸಿಕೊಂಡ. ಮತ್ತೂ ಕೆಳಗೆ, ಮತ್ತೂ ಎಡಕ್ಕೆ. ನೋಡುತ್ತ ನಿಂತಿದ್ದ ಆರ್ನಿ ಮಾತಾಡದೆ ಹತ್ತಿರ ಬಂದು ತರ್ಟಿಎಯ್ಟನ್ನು ತೆಗೆದುಕೊಂಡ. ಗುಣಪಾಲನಿಗೆ ಕಾಣದ ಹಾಗೆ ಒಳಗೆ ಕೆಲವು ಜೀವಂತ ಗುಂಡು, ಕೆಲವು ಹೊಡೆದು ಮುಗಿದ ಖಾಲಿ ಕೋಶ ತುಂಬಿ ವಾಪಸು ಕೊಟ್ಟು, ಹೊಡೆ ಎಂದ. ಮೊದಲನೆಯದು ಸಿಡಿಯಿತು. ಎರಡನೆಯದು ಖಾಲಿ, ಟಿಕ್ ಎಂದಿತು ಅಷ್ಟೇ. ಆದರೆ ಆ ಟಿಕ್ಕಿನ ಜೊತೆಗೇ ನಳಿಗೆ ತಾನಾಗಿ ಕೆಳಕ್ಕೆ ಕುಕ್ಕಿದ್ದನ್ನು ಗುಣಪಾಲ ತನ್ನ ಕಣ್ಣಿನಿಂದಲೇ ಕಂಡ. ಗುಂಡೂ ಇಲ್ಲ, ಒದೆತವೂ ಇಲ್ಲ, ಆದರೂ ಕೈ ಬೆಚ್ಚಿತ್ತು. ಬರಲಿರುವ ಪೆಟ್ಟಿಗೆ ಮೊದಲೇ ಹೆದರಿ ಬೆಚ್ಚಿತ್ತು. ತಡಿ, ಈಗ ಸರಿ ಮಾಡುತ್ತೇನೆ ಎಂದು ಮತ್ತೆ ಹೊಡೆದ. ಮತ್ತೆ ಕುಕ್ಕಿತು. ಮೈಕ್ರೋಸ್ಕೋಪಿನ ಕೆಳಗೆ ಕೂದಲಿನ ನೂರನೇ ಪಾಲು ಗೆರೆಯನ್ನು ಅಲುಗದೆ ಹಿಡಿಯುವ ಕೈ ಅದು. ಅದೀಗ ಅವನ ಮಾತು ಕೇಳುತ್ತಿರಲಿಲ್ಲ.

ಇದು ದೊಡ್ಡ ಪಿಸ್ತೂಲಿನಿಂದ ಅಂಟುವ ರೋಗ, ಒಮ್ಮೆ ಅಂಟಿದರೆ ಸಣ್ಣದರಲ್ಲೂ ಬಿಡುವುದಿಲ್ಲ ಎಂದು ಆರ್ನಿ ವಿವರಿಸಿದ. ಅದನ್ನು ಕೊಳ್ಳುವ ಮೊದಲು ಯಾಕೆ ಹೇಳಲಿಲ್ಲ ಎಂದು ಗುಣಪಾಲ ಕೇಳಿದ. ನೀನು ಮನೆಗೆಂದು ಕೇಳಿದೆ, ಗುರಿಗೆಂದು ಕೇಳಲಿಲ್ಲವಲ್ಲ ಎಂದ ಆರ್ನಿ. ಇನ್ನೊಂದು ಶನಿವಾರ ಕಾದು ನೋಡಿ, ಕ್ಲಬ್ಬಿನವರು ತಂಡದಿಂದ ಅವನ ಹೆಸರನ್ನು ತೆಗೆದು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬನನ್ನು ಸೇರಿಸಿಕೊಂಡರು. ಬೇಸರ ಮಾಡಿಕೊಳ್ಳಬೇಡ, ಚಳಿಗಾಲದ ಪಂದ್ಯಗಳಿಗೆ ಈಗಲೇ ತಯಾರಿ ಬೇಕು ಎಂದರು.

ಆ ಹೊತ್ತಿಗೆ ಜೈನರ ಹತ್ತು ದಿನಗಳ ವ್ರತ, ದಶಲಕ್ಷಣ ಪರ್ವ ಶುರುವಾಗಿತ್ತು. ಸೌದಾಮಿನಿ ಒಪ್ಪತ್ತು ಮಾಡುತ್ತಿದ್ದಳು. ತಂಡದಿಂದ ಕೈಬಿಟ್ಟ ಆ ಶನಿವಾರ ಅವನು ಮಧ್ಯಾಹ್ನ ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಹೆಸರುಕಾಳು ಬೇಯಿಸುತ್ತಿದ್ದಳು. ಅವನ ಮುಖ ನೋಡದೆ, ಅದರಲ್ಲಿ ಈಗ ಸ್ವಲ್ಪವಾದರೂ ಅಭ್ಯಾಸ ಆಯಿತೇ ಎಂದು ಕೇಳಿದಳು. ಗುಣಪಾಲ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ. ಕುಕ್ಕಿದ ಎಂದರೂ ಸರಿಯೇ.

"ಸೌದಾ, ನಾನೊಂದು ಹೇಳ್ತೇನೆ, ಪೂರ್ತಿ ಕೇಳು. ಟ್ವೆಂಟಿಟೂ ಆಗ್ಲಿ, ತರ್ಟಿಎಯ್ಟ್ ಆಗ್ಲಿ, ಫಿರಂಗಿಯೇ ತಂದು ಕೊಟ್ರೂ ನನ್ನಿಂದ ಒಬ್ಬ ಮನುಷ್ಯನ ಮೇಲೆ ಹಾರಿಸ್ಲಿಕ್ಕೆ ಆಗುದಿಲ್ಲ. ಅವನು ನಮ್ಮ ಹಾಸಿಗೆ ಹತ್ರ ಬಂದು ನಿಂತ್ರೂ ಆಗುದಿಲ್ಲ."

ಇಷ್ಟು ದಿನ ಯಾರಿಗೂ, ತನಗೂ, ಹೇಳಿಕೊಳ್ಳದ ಮಾತು ಅದು. ಸೌದಾಮಿನಿ ಒಲೆ ಸಣ್ಣ ಮಾಡಿದಳು.

"ಅದು ನನಗೆ ಗೊತ್ತಿಲ್ವಾ? ಹನ್ನೆರಡು ವರ್ಷ ಆಯ್ತು ನಿಮ್ಮನ್ನು ನೋಡ್ಲಿಕ್ಕೆ ಶುರು ಮಾಡಿ."

"ಮತ್ತೆ ಯಾಕೆ ತರ್ಲಿಕ್ಕೆ ಹೇಳಿದ್ದು ಮಾರಾಯ್ತಿ?"

"ಕಾಯ್ತದಾ ಅಂತ ಕೇಳಿದ್ದು ನಾನು. ಇಲ್ಲ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ನೀವು ಇಂಚು ಹೇಳಿದ್ರಿ, ನಂಬರು ಹೇಳಿದ್ರಿ. ನಂಬರು ದೊಡ್ಡದಾದ್ರೆ ನಿಮಗೆ ಧೈರ್ಯ ಬರ್ತದೆ ಅಂತ ಅಂದುಕೊಂಡೆ."

ಅವನು ಕುರ್ಚಿ ಎಳೆದುಕೊಂಡು ಕೂತ. ಸಿಟ್ಟು ಇಳಿಯಿತೆಂದಲ್ಲ, ಅದನ್ನು ಯಾರ ಮೇಲೆ ಹಾಕಬೇಕೆಂದು ತೋಚಲಿಲ್ಲ. ಆಮೇಲೆ ಅವಳೇ ಹೇಳಿದಳು: ಅದು ಕಪಾಟಿನ ಮೇಲೆ ಬಂದಾಗಿನಿಂದ ತನಗೂ ನಿದ್ದೆಯಿಲ್ಲ, ಮಗಳು ಕುರ್ಚಿ ಹಾಕಿ ಹತ್ತಿಯಾಳೆಂಬ ಚಿಂತೆ ಕಳ್ಳನ ಚಿಂತೆಗಿಂತ ದೊಡ್ಡದಾಗಿದೆ, ತಾನೇ ತರಲು ಬಿಟ್ಟದ್ದನ್ನು ತೆಗೆಯಿರಿ ಎನ್ನಲು ನಾಚಿಕೆಯಾಗಿ ಸುಮ್ಮನಿದ್ದೆ ಎಂದು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಡಬ್ಬಿಯ ಕೆಳಗೆ, ಬೇರೆ ಬೇರೆ ಹೆದರಿಕೆಯಿಂದ ಕಣ್ಣು ಬಿಟ್ಟುಕೊಂಡು ಮಲಗಿದ್ದರು.

ಮರುದಿನ ಗುಣಪಾಲ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮುಂಬಾಗಿಲಿಗೆ ಗಟ್ಟಿ ಬೀಗ ತಂದು ಹಾಕಿದ. ಒಂದು ದಪ್ಪ ಮರದ ಕೋಲನ್ನು ಅಳತೆಗೆ ಕೊಯ್ಯಿಸಿ, ಗಾಜಿನ ಬಾಗಿಲು ಸರಿಯುವ ಹಳಿಯಲ್ಲಿ ಅಡ್ಡ ಇಟ್ಟ. ನಿರುಪಮಾ ಆ ಬಾಗಿಲನ್ನು ಎರಡೂ ಕೈಯಿಂದ ಎಳೆದು ನೋಡಿ, ತೆರೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ ತನ್ನ ಕೋಣೆಗೆ ಮರಳಿದಳು. ತರ್ಟಿಎಯ್ಟನ್ನು ಅದೇ ಅಂಗಡಿಗೆ ಒಯ್ದರೆ, ಈಗ ಎಲ್ಲರೂ ಅಂಥದ್ದನ್ನೇ ಮಾರಲು ತರುತ್ತಿದ್ದಾರೆ ಎಂದು ಮುಖ ಸಿಂಡರಿಸಿ ಅರ್ಧ ಬೆಲೆಗೆ ತೆಗೆದುಕೊಂಡರು. ಜಯರಾಮ ಒಮ್ಮೆ ಫೋನಿನಲ್ಲಿ ಸಿಕ್ಕಾಗ ವಿಷಯ ತಿಳಿದು, ಅಯ್ಯೋ ನನಗೆ ಹೇಳಬಾರದಿತ್ತೇ, ಪೂರ್ತಿ ಬೆಲೆ ಕೊಟ್ಟು ನಾನೇ ಕೊಳ್ಳುತ್ತಿದ್ದೆ ಎಂದ. ಗುಣಪಾಲ ಫೋನು ಇಟ್ಟ.

ಎಲ್ಲ ಸರಿಹೋಯಿತು, ಕೈ ಒಂದು ಬಿಟ್ಟು. ಆ ಚಳಿಗಾಲವಿಡೀ ಗುಂಡಿಲ್ಲದ ಟ್ವೆಂಟಿಟೂ ಹಿಡಿದು ಬರೀ ಟ್ರಿಗರು ಒತ್ತುವ ಅಭ್ಯಾಸ ಮಾಡಿದ. ಖಾಲಿ ಇದ್ದಾಗ ಕೈ ಕಲ್ಲಿನಂತೆ ನಿಲ್ಲುತ್ತಿತ್ತು, ಗುಂಡು ತುಂಬಿದ ಕೂಡಲೇ ಬೆಚ್ಚುತ್ತಿತ್ತು. ಮೋಸ ಮಾಡಿ ನೋಡಿದ, ಪುಸಲಾಯಿಸಿ ನೋಡಿದ, ಬೈದು ನೋಡಿದ. ತಂಡ ಆ ವರ್ಷ ಗೆದ್ದಿತು. ಬಹುಮಾನದ ಊಟಕ್ಕೆ ಅವನನ್ನೂ ಕರೆದರು. ನೆಗಡಿಯೆಂದು ಹೇಳಿ ಹೋಗಲಿಲ್ಲ.

ವಸಂತದಲ್ಲಿ ಒಂದು ದಿನ ಆರ್ನಿ, ಎಡಗೈಯಲ್ಲಿ ಹೊಡೆದು ನೋಡು, ಆ ಕೈ ತರ್ಟಿಎಯ್ಟನ್ನು ಮುಟ್ಟಿಲ್ಲವಲ್ಲ ಎಂದ. ಗುಣಪಾಲ ಎಡಗೈಗೆ ಬದಲಿಸಿದ. ಪಿಸ್ತೂಲು ಒಮ್ಮೆಲೇ ಇಮ್ಮಡಿ ಭಾರವಾದ ಹಾಗಿತ್ತು, ಕಪ್ಪು ವೃತ್ತ ಎಲ್ಲೋ ಈಜುತ್ತಿತ್ತು. ಗುಂಡುಗಳು ಕಾಗದದ ನಾಲ್ಕು ಮೂಲೆಗೂ ಚದುರಿದವು. ಆದರೆ ಆರ್ನಿ ಕದ್ದು ಖಾಲಿ ಕೋಶವೊಂದನ್ನು ಸೇರಿಸಿ ನೋಡಿದಾಗ ನಳಿಗೆ ಕುಕ್ಕಲಿಲ್ಲ.

ಅಂದಿನಿಂದ ಶನಿವಾರಗಳಲ್ಲಿ ಅವನು ಕೊನೆಯ ತುದಿಯಲ್ಲಿ ಒಬ್ಬನೇ ನಿಂತು ಎಡಗೈಯಲ್ಲಿ ಹೊಡೆಯುತ್ತಾನೆ. ಎಡಗೈಗೆ ಹೆದರಿಕೆ ಗೊತ್ತಿಲ್ಲ, ಗುರಿಯೂ ಗೊತ್ತಿಲ್ಲ. ಮೂರು ವರ್ಷದಲ್ಲಿ ಬಲಗೈ ಕಲಿತದ್ದನ್ನೆಲ್ಲ ಇದಕ್ಕೆ ಅಕ್ಷರಾಭ್ಯಾಸದಿಂದ ಕಲಿಸಬೇಕು. ಹೊಸಬರು ಯಾರಾದರೂ ಬಂದು, ನೀವು ಎಡಚರೇ ಎಂದು ಕೇಳಿದರೆ ಹೌದೆಂದು ಹೇಳಿಬಿಡುತ್ತಾನೆ. ವಿವರಿಸಲು ಹೋದರೆ ಮತ್ತೆ ಕ್ಯಾಲಿಬರಿನ ಮಾತು ಬರುತ್ತದೆ.